ಮೂರನೇ ಕುಪ್ಪೆಯ ಬೆಂಕಿ

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮೂಗಿಗೆ ಆ ಭಾಗ್ಯವಿಲ್ಲ. ಹೋದ ವಾರ ಸ್ಟೇಶನ್ ಬಜಾರದ ಒಂದು ಹೋಟೆಲಿನ ಮುಂದೆ, ಮಳೆ ನಿಲ್ಲಲಿ ಎಂದು ಚಹಾ ಕಪ್ಪು ಹಿಡಿದು ನಿಂತಿದ್ದೆ. ಆಗ ನಿಲ್ದಾಣದೊಳಗೆ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. ತೆರೆದ ವ್ಯಾಗನ್ನುಗಳ ತುಂಬ ಕಲ್ಲಿದ್ದಲು. ಅದರ ಮೇಲೆ ಮಳೆ ಬಿದ್ದು ಒದ್ದೆ ಇದ್ದಲಿನ ಮಂದ ವಾಸನೆ ಎದ್ದಿತು, ಅದರ ಬೆನ್ನಿಗೇ ಸಣ್ಣಗೆ ಸೀಮೆಎಣ್ಣೆಯಂಥದ್ದು ಇನ್ನೊಂದು... ಪಕ್ಕದಲ್ಲಿ ನಿಂತ ಆಟೋದವರಿಗೆ ಅದು ತಿಳಿದಂತೆ ಕಾಣಲಿಲ್ಲ. ನನಗೆ ತಿಳಿಯಿತು. ಆ ವ್ಯಾಗನ್ನುಗಳಲ್ಲಿ ಯಾವುದೋ ಒಂದರಲ್ಲಿ ಇದ್ದಲು ಒಳಗಿಂದ ಕಾಯುತ್ತಿತ್ತು.

ಆ ವಾಸನೆಯನ್ನು ಗುರುತಿಸಲು ನನಗೆ ಕಲಿಸಿದವರು ಲ್ಯಾಬ್ ಸಾಹೇಬರು. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ದ್ವೇಷಿಸಿದ ಮನುಷ್ಯ. ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ, ಅಲ್ಲೇ ಚೆಲ್ಲಿ ಮಳೆಯಲ್ಲೇ ನಡೆದು ಬಂದೆ.

ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಇದೇ ಊರಿನಲ್ಲಿದ್ದಾರೆ, ಅವರು ನನಗೇನೂ ಮಾಡಿದವರಲ್ಲ. ‘ಅವನು’ ಎಂದು ಬರೆಯಬೇಕೆಂದು ಹಲ್ಲು ಕಚ್ಚಿಕೊಂಡು ಕುಳಿತರೂ ಕೈ ತಾನಾಗಿ ‘ಅವರು’ ಎಂದೇ ಬರೆಯುತ್ತದೆ. ಇವತ್ತು ನನಗೆ ಅನ್ನ ಕೊಡುತ್ತಿರುವ ಕೆಲಸ ಕಲಿಸಿದವರು ಎಂಬ ಕಾರಣಕ್ಕೆ ಇರಬೇಕು. ಅದನ್ನು ನೆನೆದರೂ ನನಗೆ ಸಿಟ್ಟು ಬರುತ್ತದೆ.

ನಾನು ಆಗ ಮೂರನೇ ತರಗತಿ. ಅಪ್ಪ ರೈಲು ಹಳಿಯ ಪಕ್ಕದ ಒಂದು ಕಾರ್ಖಾನೆಯ ಕಲ್ಲಿದ್ದಲು ಯಾರ್ಡಿನಲ್ಲಿ ಕೂಲಿಯಾಗಿದ್ದ. ನಮ್ಮ ಊರು ಕಮಲಾಪುರವಾದರೂ ಆಗ ನಾವು ಕಾರ್ಖಾನೆಯ ಕೂಲಿಕಾರರ ಸಾಲುಮನೆಗಳಾದ ಲೇಬರ್ ಲೈನಿನಲ್ಲೇ ಇದ್ದೆವು. ವ್ಯಾಗನ್ನಿನಿಂದ ಇಳಿಸಿದ ಇದ್ದಲನ್ನು ಯಾರ್ಡಿನಲ್ಲಿ ಮನೆಯೆತ್ತರದ ಕುಪ್ಪೆಗಳಾಗಿ ಒಟ್ಟುತ್ತಿದ್ದರು. ಇಂಥ ಕುಪ್ಪೆಗೆ ಯಾರೂ ಕಡ್ಡಿ ಗೀರದಿದ್ದರೂ ಬೆಂಕಿ ಬೀಳಬಹುದು. ಗಾಳಿ ಒಳಹೊಕ್ಕು ಇದ್ದಲು ನಿಧಾನವಾಗಿ ಕಾಯುತ್ತದೆ, ಶಾಖಕ್ಕೆ ಹೊರಗೆ ಬರಲು ದಾರಿ ಸಿಗದೆ ಒಳಗೇ ಬೆಳೆಯುತ್ತದೆ, ಒಂದು ದಿನ ಹೊತ್ತಿಕೊಳ್ಳುತ್ತದೆ. ಎಲ್ಲ ಇದ್ದಲೂ ಹೀಗಲ್ಲ. ಗಟ್ಟಿ ಇದ್ದಲು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಎಳೆಯ ಇದ್ದಲು, ಪುಡಿ ಜಾಸ್ತಿ ಇದ್ದದ್ದು, ಗಂಧಕ ಇದ್ದದ್ದು ಬೇಗ ಕೆರಳುತ್ತದೆ. ಯಾವುದು ಎಂಥದು ಎಂದು ಪರೀಕ್ಷೆ ಮಾಡಿ ಹೇಳುವುದು ಲ್ಯಾಬಿನ ಕೆಲಸ. ಕುಪ್ಪೆ ಕಾಯುತ್ತಿದೆಯೇ ಎಂದು ದಿನಾ ನೋಡುವುದು ಅಪ್ಪನ ಕೆಲಸ.

ಅಪ್ಪನ ಹತ್ತಿರ ಯಂತ್ರ ಇರಲಿಲ್ಲ. ಆಳೆತ್ತರದ ಕಬ್ಬಿಣದ ಸಲಾಕೆಗಳಿದ್ದವು. ಬೆಳಗ್ಗೆ ಅವನ್ನು ಒಂದೊಂದು ಕುಪ್ಪೆಯ ಹೊಟ್ಟೆಗೆ ಚುಚ್ಚಿ ಬರುತ್ತಿದ್ದ. ಮಧ್ಯಾಹ್ನ ಎಳೆದು, ಒಳಗಿದ್ದ ತುದಿಯನ್ನು ಅಂಗೈಯಲ್ಲಿ ಹಿಡಿಯುತ್ತಿದ್ದ. ಹಿಡಿದು ನಿಲ್ಲಲು ಬಂದರೆ ಚಿಂತೆಯಿಲ್ಲ. ಕೈ ಬಿಡಬೇಕಾಗಿ ಬಂದರೆ ಆ ಕುಪ್ಪೆಯನ್ನು ಒಡೆದು ಹರಡಬೇಕು. ನೋಡಿದ್ದನ್ನು ಬರೆಯಲು ಅವನಿಗೆ ಬರುತ್ತಿರಲಿಲ್ಲ. ಲ್ಯಾಬಿನ ಬಾಗಿಲಿಗೆ ಹೋಗಿ ಸಾಹೇಬರಿಗೆ ಬಾಯಲ್ಲೇ ಹೇಳಿ ಬರುತ್ತಿದ್ದ. ಅಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವನು ‘ಸಲಾಕೆಯವ’.

ಆ ಬೇಸಿಗೆ ಒಂದು ಹೊಸ ಗಣಿಯ ಇದ್ದಲು ಬಂತು. ಬೂದಿ ಕಡಿಮೆ, ಶಾಖ ಜಾಸ್ತಿ ಎಂದು ಅದನ್ನು ತರಿಸಿದ್ದು ಸಾಹೇಬರ ಮಾತಿನ ಮೇಲೆಯೇ. ಅದನ್ನು ಮೂರನೇ ಕುಪ್ಪೆಯಾಗಿ ಒಟ್ಟಿದರು. ಒಂದು ಮಧ್ಯಾಹ್ನ ಆ ಕುಪ್ಪೆಗೆ ಬೆಂಕಿ ಬಿತ್ತು. ಹೊತ್ತಿದ ಇದ್ದಲನ್ನು ತೋಡಿ ಬೇರೆ ಮಾಡಲು ಹೋದ ನಮ್ಮ ಪಕ್ಕದ ಮನೆಯ ಕಾಕಾನ ಕಾಲ ಕೆಳಗೆ ಕುಪ್ಪೆ ಕುಸಿಯಿತು. ಮೊಣಕಾಲಿನವರೆಗೆ ಎರಡೂ ಕಾಲು ಸುಟ್ಟವು. ಅಪ್ಪ ಮತ್ತು ಕಾಕಾ ಒಂದೇ ತಾಟಿನಲ್ಲಿ ಉಂಡವರು. ಕಾಕಾನನ್ನು ಹೊತ್ತು ಹೊರಗೆ ತಂದವನು ಅಪ್ಪನೇ.

ವಿಚಾರಣೆ ನಡೆಯಿತು. ಅಪ್ಪ ಬೀಡಿ ಸೇದುತ್ತಿದ್ದ. ಆ ದಿನ ಊಟವಾದ ಮೇಲೆ ಮೂರನೇ ಕುಪ್ಪೆಯ ನೆರಳಿನಲ್ಲಿ ಕುಳಿತು ಸೇದಿದ್ದ. ಸೇದಬಾರದು ಎಂಬ ಬೋರ್ಡಿನ ಕೆಳಗೆ ಕುಳಿತು ಯಾರ್ಡಿನವರೆಲ್ಲ ಸೇದುತ್ತಿದ್ದರು. ಅಲ್ಲಿ ನಡೆದದ್ದನ್ನು ಅಪ್ಪ ಅವ್ವನ ಮುಂದೆ ಅದೆಷ್ಟು ಸಲ ಹೇಳಿದನೆಂದರೆ ನನಗೆ ಅದು ಕಣ್ಣಾರೆ ಕಂಡಂತೆ ಇದೆ.

“ಬೀಡಿ ಸೇದಿದ್ದೇನು?” ಎಂದು ಸಾಹೇಬರು ಕೇಳಿದರು.

“ಹೌದ್ರಿ ಸಾಹೇಬ್ರ.”

“ತುಂಡು ಎಲ್ಲಿ ಒಗದಿ?”

“ನೆನಪಿಲ್ಲರಿ... ಆದ್ರ ಸಾಹೇಬ್ರ, ನಾಕ ದಿನದಿಂದ ಸಲಾಕಿ ಹಿಡಿಲಾಕ ಬರಾಕತ್ತಿಲ್ಲ ಅಂತ ನಿಮಗ ಹೇಳೀನಲ್ರಿ?”

“ಈ ಬಿಸಿಲಿನ್ಯಾಗ ಕಬ್ಬಿಣ ಕಾಯಲಾರ್ದ ತಂಪ ಇರ್ತದೇನೋ?” ಎಂದರಂತೆ ಸಾಹೇಬರು. ಕುಳಿತವರೆಲ್ಲ ನಕ್ಕರಂತೆ. ಸಾಹೇಬರು ಬರೆದ ವರದಿಯಲ್ಲಿ ಒಂದೇ ಸಾಲು: ಕೂಲಿಯವನು ಎಸೆದ ಬೀಡಿಯಿಂದ ಬೆಂಕಿ. ಅಪ್ಪ ಅದಕ್ಕೆ ಹೆಬ್ಬೆಟ್ಟು ಒತ್ತಿ, ಮರುದಿನ ನಮ್ಮನ್ನು ಕರೆದುಕೊಂಡು ಕಮಲಾಪುರಕ್ಕೆ ಬಂದ.

ತಲೆಯ ಮೇಲೆ ಗೂಬೆ ಕೂರಿಸುವುದು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಅಪ್ಪನನ್ನು ತೋರಿಸುತ್ತಿದ್ದೆ. ನೌಕರಿ ಹೋದದ್ದು ದೊಡ್ಡ ಮಾತಲ್ಲ, ಕಮಲಾಪುರದಲ್ಲಿ ಬಾಳೆತೋಟದ ಕೆಲಸ ಸಿಕ್ಕಿತು, ಹೊಟ್ಟೆ ತುಂಬಿತು. ಆದರೆ ಅಪ್ಪ ಆ ವರದಿಯನ್ನು ನಂಬಿಬಿಟ್ಟ. ಸುಳ್ಳು ಹೊರಿಸಿದರು ಎಂದು ಬೈದುಕೊಂಡು ತಿರುಗಿದ್ದರೆ ಒಳ್ಳೆಯದಿತ್ತು. ಅಪ್ಪ ಬೈಯಲಿಲ್ಲ. ತಾನು ಎಲ್ಲಿ ತುಂಡು ಎಸೆದೆ ಎಂದು ಯೋಚಿಸುತ್ತ ಕುಳಿತಿರುತ್ತಿದ್ದ. ಗೆಳೆಯನ ಕಾಲು ಸುಟ್ಟವನು ನಾನೇ ಎಂದು ಅವನಿಗೆ ಅನಿಸಿಬಿಟ್ಟಿತ್ತು.

ಬೀಡಿ ಅಂದೇ ಬಿಟ್ಟ. ಬೀಡಿಯ ಜೊತೆಗೆ ಕಡ್ಡಿಪೆಟ್ಟಿಗೆಯನ್ನೂ ಬಿಟ್ಟ. ನಮ್ಮ ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚುವುದಿದ್ದರೆ ಅವ್ವ ಹಚ್ಚಬೇಕು, ಇಲ್ಲ ನಾನು. ಅಪ್ಪ ಕೈ ಜೋಡಿಸಿ ಪಕ್ಕದಲ್ಲಿ ನಿಂತಿರುತ್ತಿದ್ದ, ನಾವಿಬ್ಬರೂ ಇಲ್ಲದಿದ್ದರೆ ಹಚ್ಚದ ಬತ್ತಿಗೇ ಕೈ ಮುಗಿದು ಹೊರಡುತ್ತಿದ್ದ. ಬೆಳಗ್ಗೆ ತೋಟಕ್ಕೆ ಹೋಗುವ ಮೊದಲು ಒಲೆಯ ಬೂದಿಯ ಮೇಲೆ ಚೊಂಬು ನೀರು ಹಾಕಿ, ಬೆರಳಾಡಿಸಿ ನೋಡಿ, ಬಾಗಿಲ ತನಕ ಹೋದವನು ತಿರುಗಿ ಬಂದು ಇನ್ನೊಮ್ಮೆ ನೋಡುತ್ತಿದ್ದ. “ನೀರ ಹಾಕಿದ್ಯಾ? ನೋಡಿದ್ಯಾ?” ಎಂದು ಅವ್ವನನ್ನು ಕೇಳುತ್ತಿದ್ದ. ತಾನೇ ಹಾಕಿದ ನೀರು ಅದು. ಹಬ್ಬಕ್ಕೊಮ್ಮೆ ಯಾರದಾದರೂ ಕೈಯಲ್ಲಿ ಕಾಕಾನ ಮನೆಗೆ ಕೆಂಪು ಬಾಳೆಯ ಗೊನೆ ಕಳಿಸುತ್ತಿದ್ದ. ತಾನು ಮಾತ್ರ ಒಂದು ದಿನವೂ ಹೋಗಲಿಲ್ಲ.

ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡದ್ದು ಪ್ರೀತಿಯಿಂದಲ್ಲ, ಸೇಡಿನಿಂದ. ಮುಗಿಸಿದ ವರ್ಷವೇ ತಿಳಿಯಿತು, ಸಾಹೇಬರು ಕಾರ್ಖಾನೆ ಬಿಟ್ಟು ಸೇಡಂ ರಸ್ತೆಯಲ್ಲಿ ಒಂದು ಕಲ್ಲಿದ್ದಲು ಪರೀಕ್ಷಾ ಲ್ಯಾಬ್ ನಡೆಸುತ್ತಿದ್ದಾರೆ, ಅಲ್ಲಿಗೆ ಒಬ್ಬ ಸಹಾಯಕಿ ಬೇಕಂತೆ. ಅರ್ಜಿ ಹಾಕಿದೆ. ಅರ್ಜಿಯಲ್ಲಿ ಅಪ್ಪನ ಪೂರ್ತಿ ಹೆಸರು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಒಮ್ಮೆ ವಿಚಾರಣೆಯಲ್ಲಿ ತಮ್ಮ ಮುಂದೆ ನಿಂತವನ ಹೆಸರನ್ನು ಸಾಹೇಬರು ಓದಿದರು, ಕನ್ನಡಕ ತೆಗೆದರು, “ಕಮಲಾಪುರದಿಂದ ದಿನಾ ಬಸ್ಸಿಗೆ ಬರಾಕ ಆಗ್ತದೇನವ್ವ?” ಎಂದರು. ಅಷ್ಟೇ. ಅವರಿಗೆ ಗುರುತೇ ಸಿಗಲಿಲ್ಲ. ಆ ಗಳಿಗೆಯಲ್ಲಿ ಅವರ ಮೇಜಿನ ಮೇಲಿದ್ದ ಇಕ್ಕಳ ತೆಗೆದು ಎಸೆಯಬೇಕು ಅನಿಸಿತ್ತು. “ಆಗ್ತದ್ರಿ ಸರ್” ಎಂದೆ.

ಅವರು ಒಳ್ಳೆಯ ಗುರು. ಇದನ್ನು ಬರೆಯದಿದ್ದರೆ ನಾನು ಸುಳ್ಳುಗಾತಿಯಾಗುತ್ತೇನೆ. ಚೀಲದಷ್ಟು ಇದ್ದಲನ್ನು ಕುಟ್ಟಿ, ಗುಪ್ಪೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ, ಮತ್ತೆ ಕಲಸಿ, ಮತ್ತೆ ಪಾಲು ಮಾಡಿ, ಕೊನೆಗೆ ಒಂದು ಚಮಚ ಪುಡಿಯಲ್ಲಿ ಇಡೀ ಗಾಡಿಯ ಗುಣ ಉಳಿಯುವಂತೆ ಮಾಡುವುದನ್ನು ಅವರು ನನಗೆ ಕೈ ಹಿಡಿದು ಕಲಿಸಿದರು. ಕುಲುಮೆಯಲ್ಲಿಟ್ಟ ಪುಡಿಯಿಂದ ಹಾರಿಹೋಗುವ ಅಂಶ ಎಷ್ಟು, ಉಳಿಯುವ ಬೂದಿ ಎಷ್ಟು, ಬೂದಿ ಕೆಂಪಗಿದ್ದರೆ ಇದ್ದಲಿನಲ್ಲಿ ಕಬ್ಬಿಣ ಇದೆ ಎಂದು ತಿಳಿಯುವುದು ಹೇಗೆ... ಎಲ್ಲ ಅವರದೇ. ಕುಲುಮೆಯಲ್ಲಿ ಏಳು ನಿಮಿಷ ಎಂದರೆ ಏಳು ನಿಮಿಷ, ಗಡಿಯಾರ ನೋಡುತ್ತ ಉಸಿರು ಬಿಗಿ ಹಿಡಿಯುತ್ತಿದ್ದರು. “ಒಂದ ಸಲ ಬಂದಿದ್ದು ನಂಬಬ್ಯಾಡ ತಂಗಿ, ಎರಡ ಸಲ ಅದೇ ಬಂದ್ರ ಬರಿ” ಎನ್ನುತ್ತಿದ್ದರು. ಬೆಲೆ ಏರಿಸಲು ಶಾಖ ಸ್ವಲ್ಪ ಜಾಸ್ತಿ ಬರೆದುಕೊಡಿ ಎಂದು ಬಂದ ವ್ಯಾಪಾರಿಯನ್ನು ಬಾಗಿಲ ಹೊರಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ನೋಡಿ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಇಷ್ಟು ನೇರ ಇರುವವರು ನಮ್ಮಪ್ಪನ ಮುಂದೆ ಮಾತ್ರ ಏಕೆ ವಕ್ರವಾದರು?

ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಒಂದು ದಿನ, ಬೇಗ ಹೊತ್ತಿಕೊಳ್ಳುವ ಇದ್ದಲನ್ನು ಪರೀಕ್ಷಿಸುವ ಬಗೆ ಹೇಳಿಕೊಡುವಾಗ, ಅವರು ಕಪಾಟಿನಿಂದ ತಮ್ಮ ಹಳೆಯ ನೋಟುಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. “ಇದ್ರಾಗ ಒಂದು ಗಣೀದು ಅದ ನೋಡು, ಭಾಳ ಬೆರಕಿ ಇದ್ದಲಿ, ಯಾವಾಗ ಹತ್ತತದ ಗೊತ್ತಾಗಂಗಿಲ್ಲ” ಎಂದು ಹೇಳಿ ಫೋನ್ ಬಂತೆಂದು ಹೊರಗೆ ಹೋದರು. ನಾನು ಪುಟ ತಿರುಗಿಸಿದೆ. ಅವರ ದುಂಡು ಅಕ್ಷರ. ‘ಮೂರನೇ ಕುಪ್ಪೆ. ಸಲಾಕೆಯವ ಹೇಳಿದ, ಬಿಸಿ.’ ಮರುದಿನ, ‘ಸಲಾಕೆಯವ ಹೇಳಿದ, ಹಿಡಿಯಲು ಆಗುವುದಿಲ್ಲ.’ ಅದರ ಮರುದಿನ, ‘ಅವನ ಅಂಗೈ ತಪ್ಪುವುದಿಲ್ಲ. ಕುಪ್ಪೆ ಒಡೆಯಬೇಕು. ಮೇಲಿನವರಿಗೆ ಹೇಳುವುದು ಹೇಗೆ?’ ನಾಲ್ಕನೆಯ ದಿನ, ‘ಇನ್ನೂ ಬಿಸಿ.’ ಮುಂದಿನ ಪುಟ ಖಾಲಿ.

ಅವನ ಅಂಗೈ ತಪ್ಪುವುದಿಲ್ಲ. ಹದಿನಾಲ್ಕು ವರ್ಷದಿಂದ ತನ್ನ ಅಂಗೈಯನ್ನೇ ನಂಬದೆ ಕುಳಿತ ಮನುಷ್ಯನ ಬಗ್ಗೆ ಅವರು ಬರೆದಿಟ್ಟ ಮಾತು ಇದು. ಆ ನಾಲ್ಕು ಪುಟಗಳ ಫೋಟೋ ತೆಗೆದುಕೊಂಡೆ. ಮೊದಲನೆಯದು ಮಸುಕಾಯಿತು, ಮತ್ತೊಮ್ಮೆ ತೆಗೆದೆ.

ಆ ಸಂಜೆ ಬಸ್ಸು ತಾಜಸುಲ್ತಾನಪುರ ದಾಟುವಾಗ ಅಪ್ಪನಿಗೆ ಹೇಗೆ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಕಮಲಾಪುರ ಬರುವಷ್ಟರಲ್ಲಿ ಮನಸ್ಸು ಬೇರೆಯಾಗಿತ್ತು. ನಾನು ಹೇಳಿದರೆ ಏನು ಬಂತು? ಮಗಳು, ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡಾನು. ಹೆಬ್ಬೆಟ್ಟು ಒತ್ತಿಸಿಕೊಂಡವರ ಬಾಯಿಂದಲೇ ಇದು ಬರಬೇಕು. ನಮ್ಮ ಅಂಗಳದಲ್ಲಿ, ಕಾಕಾನನ್ನು ಕೂರಿಸಿ, ಲೇಬರ್ ಲೈನಿನ ಹಳಬರನ್ನೆಲ್ಲ ಕರೆಸಿ, ಅಪ್ಪನ ಮುಂದೆ ಸಾಹೇಬರು ತಲೆ ತಗ್ಗಿಸಿ ಹೇಳಬೇಕು. ಹಾಗೆ ಯೋಚಿಸಿದಾಗ ನನಗೆ ಆದ ಸುಖ ಎಂಥದು ಎಂದು ಹೇಳಲಾರೆ. ಆ ದಿನ ಊಟಕ್ಕೆ ಕುಳಿತಾಗ ಅಪ್ಪ, “ಯಾಕವ್ವ, ಇವತ್ತ ಭಾಳ ಖುಷಿ ಅದೀದಿ?” ಎಂದು ಕೇಳಿದ. “ಏನಿಲ್ಲಪ್ಪ” ಎಂದೆ.

ಮುಂದಿನ ವಾರ ಅದೇ ಗಣಿಯ ಇದ್ದಲಿನ ಚೀಲ ಲ್ಯಾಬಿಗೆ ಬಂತು. ನಾನು ಒಂದು ಕಟ್ಟು ಬೀಡಿ ಕೊಂಡುಕೊಂಡೆ. ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿದ, ನೋಡಿಕೊಳ್ಳಲಿ ಎಂದು ಬಿಟ್ಟೆ. ಸಾಹೇಬರು ಊಟಕ್ಕೆ ಹೋದ ಹೊತ್ತಿಗೆ ತಟ್ಟೆಗಳಲ್ಲಿ ಇದ್ದಲು ಹರಡಿದೆ. ಒಂದರಲ್ಲಿ ಹೆಂಟೆ, ಒಂದರಲ್ಲಿ ನುಚ್ಚು, ಒಂದರಲ್ಲಿ ಪುಡಿ. ಬೀಡಿ ಹಚ್ಚಿ ಇಟ್ಟೆ. ಆರಿತು. ಇನ್ನೊಂದು ಇಟ್ಟೆ. ಆರಿತು. ಪುಡಿಯ ತಟ್ಟೆಯಲ್ಲಿ ಬೀಡಿಯ ಸುತ್ತ ಉಗುರಿನಷ್ಟು ಜಾಗ ಹೊಗೆಯಾಡಿ ಸುಮ್ಮನಾಯಿತು. ಕಟ್ಟು ಖಾಲಿಯಾಗುತ್ತ ಬಂದಾಗ ಸಾಹೇಬರು ಒಳಗೆ ಬಂದರು.

“ಏನಿದು ನಾತ? ಲ್ಯಾಬಿನ್ಯಾಗ ಬೀಡಿ ಯಾರು ಸೇದ್ಯಾರ?”

“ಯಾರೂ ಸೇದಿಲ್ಲರಿ ಸರ್. ಟೆಸ್ಟ್ ಮಾಡಾಕತ್ತೀನಿ. ಬೀಡಿ ತುಂಡಿಗೆ ಇದ್ದಲಿ ಕುಪ್ಪಿ ಹತ್ತತದೇನು ಅಂತ.”

ಅವರು ತಟ್ಟೆಗಳನ್ನು ನೋಡಿದರು. ಚೀಲದ ಮೇಲಿನ ಗಣಿಯ ಹೆಸರು ನೋಡಿದರು. ಆಮೇಲೆ ನನ್ನ ಮುಖವನ್ನು, ಎರಡು ವರ್ಷದಲ್ಲಿ ಮೊದಲ ಸಲ ನೋಡುವವರಂತೆ ನೋಡಿದರು.

“ಯಾರ ಮಗಳವ್ವ ನೀ?”

“ಸಲಾಕಿಯವನ ಮಗಳು ರೀ.”

ಅವರು ಸ್ಟೂಲಿನ ಮೇಲೆ ಕುಳಿತರು. ನಾನು ಫೋನಿನಲ್ಲಿದ್ದ ನಾಲ್ಕು ಪುಟಗಳನ್ನು ಅವರ ಮುಂದೆ ಹಿಡಿದೆ. ಬೇಡ ಎಂಬಂತೆ ಕೈ ಅಡ್ಡ ತಂದರು.

“ಬೀಡಿ ಅಂತ ಬರದ್ರ ಎಲ್ಲಾರಿಗೂ ಸಲೀಸ ಆಗ್ತಿತ್ತು,” ಎಂದರು. “ಆ ಇದ್ದಲಿ ತರಿಸಿದಾಂವ ನಾನು. ಒಳಗಿಂದ ಕಾದದ ಅಂತ ಬರದಿದ್ರ ನನ್ನ ನೌಕರಿ ಹೋಗ್ತಿತ್ತು.”

“ಅದಕ್ಕ ನಮ್ಮಪ್ಪಂದು ಕಳದ್ರಿ.”

“ಹೌದು” ಎಂದರು. ಅಳಲಿಲ್ಲ, ಕೈ ಮುಗಿಯಲಿಲ್ಲ. ಬೂದಿ ಎಷ್ಟು ಬಂತು ಎಂದು ಕೇಳಿದರೆ ಅಂಕಿ ಹೇಳುವ ದನಿಯಲ್ಲೇ ಹೌದು ಎಂದರು.

ನನ್ನ ಷರತ್ತು ಹೇಳಿದೆ. ಕಮಲಾಪುರಕ್ಕೆ ಬರಬೇಕು, ಎಲ್ಲರ ಮುಂದೆ ಹೇಳಬೇಕು. ಇಲ್ಲದಿದ್ದರೆ ಈ ನಾಲ್ಕು ಪುಟ, ಇದ್ದಲು ಕಳಿಸುವ ನಿಮ್ಮ ಎಲ್ಲ ಗಿರಾಕಿಗಳ ಕೈಗೆ ಹೋಗುತ್ತವೆ ಎಂದೆ. ಅವರು ನಾಲ್ಕು ದಿನ ಲ್ಯಾಬಿಗೆ ಬರಲಿಲ್ಲ. ಐದನೆಯ ದಿನ ಬಂದು, ಚಪ್ಪಲಿ ಕೂಡ ಬಿಡದೆ, “ನಡಿ, ಇವತ್ತೇ ಹೋಗೂಣ, ಬಸ್ಸಿಗೇ ಹೋಗೂಣ” ಎಂದರು.

ಆಗ ಹೊರಟಿದ್ದರೆ... ಒಂದು ತಾಸಿನ ದಾರಿ. ಅಪ್ಪ ತೋಟದಿಂದ ಊಟಕ್ಕೆ ಬರುವ ಹೊತ್ತಿಗೆ ಮುಟ್ಟುತ್ತಿದ್ದೆವು.

ನಾನು ಹೋಗಲಿಲ್ಲ. “ಅವಸರ ಯಾಕ್ರಿ ಸರ್?” ಎಂದೆ. “ನಮ್ಮಪ್ಪ ಹದಿನಾಕು ವರ್ಷ ಕಾದಾನ. ನೀವೂ ಸ್ವಲ್ಪ ಕಾಯ್ರಿ. ದಿನ ನಾ ಹೇಳ್ತೀನಿ.”

ಅವರ ಮುಖ ಬಿಳುಚಿಕೊಂಡಿತು. ಅದನ್ನು ನೋಡಿ ನನ್ನ ಒಳಗೆ ತಂಪಾಯಿತು. ಅವತ್ತಿನಿಂದ ದಿನಾ ಬೆಳಗ್ಗೆ, ಅವರು ಬರುವ ಮೊದಲೇ ಒಂದು ಬೀಡಿಯನ್ನು ಅವರ ಮೇಜಿನ ಮೇಲೆ ಇಡತೊಡಗಿದೆ. ಅವರು ಬಂದು ಅದನ್ನು ನೋಡುತ್ತಿದ್ದರು, ಕಿಸೆಗೆ ಹಾಕಿಕೊಳ್ಳುತ್ತಿದ್ದರು, ಕೆಲಸ ಶುರು ಮಾಡುತ್ತಿದ್ದರು. ಕಲಿಸುವುದನ್ನು ನಿಲ್ಲಿಸಲಿಲ್ಲ. ಕೆಲವೊಮ್ಮೆ ತೂಕದ ಯಂತ್ರದ ಮುಂದೆ ಅಂಕಿ ತಪ್ಪಿ ಮತ್ತೆ ಮತ್ತೆ ತೂಗುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. “ಯಾವಾಗವ್ವ?” ಎಂದು ಅವರಾಗಿ ಮತ್ತೆರಡು ಸಲ ಕೇಳಿದರು. ಒಮ್ಮೆ ಬಿಸಿಲು ಇಳಿಯಲಿ ಎಂದೆ. ಇನ್ನೊಮ್ಮೆ, ಆ ಇದ್ದಲು ತಾನಾಗಿ ಹೊತ್ತಿಕೊಳ್ಳುತ್ತದೆಯೇ ಎಂಬ ಪರೀಕ್ಷೆ ಒಂದು ಸಲ ಮಾಡಿದ್ದೇನೆ, ಎರಡನೇ ಸಲ ಮಾಡಿ ನೋಡಬೇಕು, ಒಂದು ಸಲ ಬಂದದ್ದು ನಂಬಬಾರದಲ್ಲ, ನೀವೇ ಹೇಳಿದ್ದು ಎಂದೆ. ಅವರದೇ ಮಾತನ್ನು ಅವರಿಗೇ ಒಪ್ಪಿಸಿದ ಖುಷಿಯಲ್ಲಿ ಆ ದಿನ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಎರಡನೇ ಪರೀಕ್ಷೆಯನ್ನೂ ಮಾಡಿದೆ. ಕೊಳವೆಯಲ್ಲಿಟ್ಟ ಪುಡಿ, ಸುತ್ತಲಿನ ಕುಲುಮೆಯನ್ನು ಮೀರಿ ತಾನಾಗಿ ಬಿಸಿಯೇರಿತು, ಮೊದಲ ಸಲ ಬಂದ ಅಂಕಿಯಲ್ಲೇ. ಇನ್ನು ಯಾವ ನೆವವೂ ಇರಲಿಲ್ಲ. ಆದರೂ ಇನ್ನೊಂದು ವಾರ ಇರಲಿ, ಇನ್ನೊಂದು ಹದಿನೈದು ದಿನ ಇರಲಿ ಎಂದು ಮುಂದೆ ಹಾಕಿದೆ. ಅವರು ಕಾಯುವುದನ್ನು ನೋಡುವ ರುಚಿ ಹತ್ತಿಬಿಟ್ಟಿತ್ತು. ಇತ್ತ ಮನೆಯಲ್ಲಿ ಅಪ್ಪ ಬೂದಿಗೆ ನೀರು ಹಾಕುತ್ತಲೇ ಇದ್ದ. “ನೀರ ಹಾಕಿದ್ಯಾ? ನೋಡಿದ್ಯಾ?” ಎಂಬುದು ಕಿವಿಗೆ ಬಿದ್ದಾಗೆಲ್ಲ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಇನ್ನು ಸ್ವಲ್ಪ ದಿನ ಅಪ್ಪ, ನಿನಗಾಗಿ ಎಂಥ ಹಬ್ಬ ಮಾಡುತ್ತೇನೆ ನೋಡು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಹೀಗೆ ಏಳು ತಿಂಗಳು.

ಒಂದು ಮಧ್ಯಾಹ್ನ ಅಪ್ಪ ತೋಟದಲ್ಲಿ ಬಾಳೆಗೆ ಊರುಗೋಲು ಕೊಡುತ್ತಿದ್ದವನು ಹಾಗೇ ಕುಳಿತನಂತೆ, ಎದೆ ಹಿಡಿದುಕೊಂಡನಂತೆ. ಪಕ್ಕದವರು ನೀರು ತರುವಷ್ಟರಲ್ಲಿ ಮುಗಿದಿತ್ತು. ಫೋನ್ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಏಳು ನಿಮಿಷದ ಗಡಿಯಾರ ಓಡುತ್ತಿತ್ತು. ಸಾಹೇಬರೇ ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡರು.

ಮಣ್ಣು ಮಾಡಿ ಮೂರನೆಯ ದಿನ ಅವರು ಕಮಲಾಪುರಕ್ಕೆ ಬಂದರು. ನಾನು ಕರೆದಿರಲಿಲ್ಲ. ಲೇಬರ್ ಲೈನಿನ ಹಳಬರು ಅಂಗಳದಲ್ಲಿ ಕುಳಿತಿದ್ದರು. ಕಾಕಾ ಕೋಲೂರಿಕೊಂಡು ಬಂದು ಗೋಡೆಗೆ ಒರಗಿದ್ದ. ನಾನು ಏಳು ತಿಂಗಳು ಮನಸ್ಸಿನಲ್ಲಿ ಕಟ್ಟಿದ್ದ ಸಭೆಯೇ ಅದು, ಒಬ್ಬರೂ ತಪ್ಪದಂತೆ ಬಂದಿದ್ದರು. ಸಾಹೇಬರು ಚಪ್ಪಲಿ ಹೊರಗೆ ಬಿಟ್ಟು ಅಪ್ಪನ ಫೋಟೋದ ಮುಂದೆ ನಿಂತರು. ಆಮೇಲೆ ಎಲ್ಲರ ಕಡೆ ತಿರುಗಿ, ನಡುಗದ ದನಿಯಲ್ಲಿ ಹೇಳಿದರು.

“ಮೂರನೇ ಕುಪ್ಪಿಗೆ ಬೆಂಕಿ ಬಿದ್ದಿದ್ದು ಬೀಡಿಯಿಂದ ಅಲ್ಲ. ಇದ್ದಲಿ ಒಳಗಿಂದ ಕಾದಿತ್ತು. ಇಂವಾ ನಾಕ ದಿನ ನನಗ ಬಂದು ಹೇಳಿದ್ದ. ನನಗ ಗೊತ್ತಿತ್ತು. ನನ್ನ ನೌಕರಿ ಉಳಿಸ್ಕೊಳ್ಳಾಕ ಇವನ ಮ್ಯಾಲ ಹಾಕಿದೆ. ಇವನ ತಪ್ಪು ಏನೂ ಇದ್ದಿಲ್ಲ.”

ಒಂದು ಮಾತೂ ಬಿಡದೆ ಹೇಳಿದರು. ನಾನು ಕೇಳಬೇಕೆಂದಿದ್ದ ಮಾತುಗಳೇ, ಅದಕ್ಕಿಂತ ಚೆನ್ನಾಗಿಯೇ. ಕಾಕಾ ತನ್ನ ಕಾಲನ್ನೇ ನೋಡುತ್ತಿದ್ದವನು ತಲೆಯೆತ್ತಿದ.

“ಇದನ್ನ ಅವನಿಗಿ ಹೇಳಿದ್ರೇನ್ರಿ ಸಾಹೇಬ್ರ?”

‘ನಾನು ಬರುತ್ತೇನೆಂದೆ, ಇವಳೇ ಬೇಡವೆಂದಳು’ ಎಂದು ಸಾಹೇಬರು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಹೇಳಲಿಲ್ಲ. ನನ್ನನ್ನು ನೋಡಲೂ ಇಲ್ಲ, ನೆಲ ನೋಡುತ್ತ ನಿಂತರು. ಅವರು ನನ್ನನ್ನು ನೋಡದಂತೆ ನಿಂತದ್ದನ್ನು ಅವ್ವ ನೋಡಿದಳು.

ಎಲ್ಲರೂ ಹೋದ ಮೇಲೆ ಅವ್ವ ಕೇಳಿದಳು, “ನಿನಗ ಯಾವಾಗ ಗೊತ್ತಾತು?”

ಸುಳ್ಳು ಹೇಳಬಹುದಿತ್ತು. “ಏಳು ತಿಂಗಳಾತು” ಎಂದೆ.

ಅವ್ವ ಬೈಯಲಿಲ್ಲ. ಎದ್ದು ಒಲೆಯ ಹತ್ತಿರ ಹೋಗಿ ಕುಳಿತಳು. “ದಿನಾ ಒಂದೇ ಕಡೆ ಕುಂತು ಉಂಡೀರಿ ಅಪ್ಪ-ಮಗಳು,” ಎಂದಳು. ಅಷ್ಟೇ ಅಂದದ್ದು. ಆ ವಿಷಯ ಮತ್ತೆ ಇಂದಿನ ತನಕ ಎತ್ತಿಲ್ಲ.

ಸಾಹೇಬರು ತೀರಿಕೊಂಡು ಎರಡು ವರ್ಷವಾಯಿತು. ನಾನು ಹೋಗಲಿಲ್ಲ. ಅವ್ವ ಈಗ ನನ್ನ ಜೊತೆ ಸೇಡಂ ರಸ್ತೆಯ ಬಾಡಿಗೆ ಮನೆಯಲ್ಲಿದ್ದಾಳೆ, ಲ್ಯಾಬಿನ ಕೆಲಸ ನಾನು ಬಿಡಲಿಲ್ಲ, ಈಗ ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಇವತ್ತಿಗೂ ಒದ್ದೆ ಇದ್ದಲಿನ ವಾಸನೆ ಬಂದರೆ ಮೊದಲು ಬಾಯಿಗೆ ಬರುವುದು ಬೈಗುಳವೇ. ಆದರೆ ಮೊದಲಿನ ಹಾಗೆ ಹೊಟ್ಟೆ ತುಂಬ ಬೈಯಲು ಆಗುವುದಿಲ್ಲ, ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಹೆಸರು ಬಂದುಬಿಡುತ್ತದೆ. ಅವರು ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಉಳಿದ ಏಳು ತಿಂಗಳು ಮುಚ್ಚಿಕೊಂಡಿದ್ದವಳು ನಾನು. ಆ ಮೂರನೆಯ ದಿನ ನಮ್ಮ ಅಂಗಳದಲ್ಲಿದ್ದವರಿಗೆಲ್ಲ ಗೊತ್ತಾಯಿತು, ಕಾಕಾನಿಗೆ ಗೊತ್ತಾಯಿತು, ಸಂಜೆಯ ಹೊತ್ತಿಗೆ ಇಡೀ ಕಮಲಾಪುರಕ್ಕೆ ಗೊತ್ತಾಯಿತು. ಅಪ್ಪನಿಗೆ ಮಾತ್ರ ಯಾರೂ ಹೇಳಲಿಲ್ಲ.